ಮೂರು ಓಟನ್ನೂ ಒಬ್ಬರಿಗೇ ಹಾಕಬಹುದಾ? ಲಾನಿ ಗ್ವಿನೀರ್ ಅವರ ಕೆಲಸದ ಬಗ್ಗೆ ಒಂದು ಚರ್ಚೆ

ಸೀಮೆಸುಣ್ಣ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗಿದೆ, ಬಿಡುವು ಮಾಡಿಕೊಂಡು ಓದಿ.

2020ರ ಡಿಸೆಂಬರ್‌ನಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ನಡೆಯಿತಲ್ಲ, ಆಗ ನನಗೆ ಬೂತ್ ಡ್ಯೂಟಿ ಬಿದ್ದಿತ್ತು. ನಾನು ಹೈಸ್ಕೂಲ್ ಮೇಷ್ಟ್ರು. ಬ್ಯಾಲೆಟ್ ಪೇಪರ್ ಕೊಡುವ ಟೇಬಲ್ ನನ್ನದು. ಆ ವಾರ್ಡಿನಲ್ಲಿ ಮೂರು ಸೀಟು, ಹಾಗಾಗಿ ಒಬ್ಬೊಬ್ಬರಿಗೂ ಮೂರು ಓಟು. ಮಧ್ಯಾಹ್ನದ ಹೊತ್ತಿಗೆ ಒಬ್ಬ ಅಜ್ಜಿ ಬಂದರು. ಮಾಸ್ಕ್ ಇರಲಿಲ್ಲ, ಸೆರಗನ್ನೇ ಬಾಯಿಗೆ ಸುತ್ತಿಕೊಂಡಿದ್ದರು. ಪೇಪರ್ ಮಡಚಿ ತೋರಿಸಿ, ಸೀಲು ಕೈಗೆ ಕೊಟ್ಟು, "ಅಜ್ಜಿ, ಮೂರು ಜನಕ್ಕೆ ಒತ್ತಬಹುದು" ಅಂದೆ.

"ಮೂರೂ ಒಬ್ಬಳಿಗೇ ಒತ್ಲಾ ಸ್ವಾಮಿ?"

"ಇಲ್ಲಜ್ಜಿ, ಒಬ್ಬರಿಗೆ ಒಂದೇ."

"ನಂಗೆ ಬೇಕಾಗಿರೋಳು ಒಬ್ಬಳೇ. ಉಳಿದ ಎರಡು ಏನ್ ಮಾಡ್ಲಿ?"

"ಬೇಡ ಅಂದ್ರೆ ಬಿಡಬಹುದು."

ಅಜ್ಜಿ ಸೀಲು ಹಿಡಿದುಕೊಂಡು ಅಲ್ಲೇ ನಿಂತರು. "ಹಂಗಾರೆ ಮೂರು ಅಂತ ಯಾಕ್ ಕೊಟ್ರಿ?" ಅಂದರು. ಹಿಂದೆ ಸಾಲು ಇತ್ತು. ನಾನು ಉತ್ತರ ಕೊಡಲಿಲ್ಲ. ಉತ್ತರ ಗೊತ್ತೂ ಇರಲಿಲ್ಲ.

ಅದಾಗಿ ಒಂದು ವರ್ಷದ ಮೇಲೆ, 2022ರ ಜನವರಿಯಲ್ಲಿ, ಅಮೆರಿಕದ ಲಾನಿ ಗ್ವಿನೀರ್ ತೀರಿಕೊಂಡರು ಅನ್ನುವ ಸುದ್ದಿ ಓದಿದೆ. ಅಲ್ಲಿಯವರೆಗೆ ಅವರ ಹೆಸರೇ ಕೇಳಿರಲಿಲ್ಲ. ಕಾನೂನು ಪ್ರೊಫೆಸರ್. ಜೀವಮಾನವೆಲ್ಲ ಕೆಲಸ ಮಾಡಿದ್ದು ಹೆಚ್ಚುಕಡಿಮೆ ಆ ಅಜ್ಜಿಯ ಪ್ರಶ್ನೆಯ ಮೇಲೆಯೇ. ಆವತ್ತಿನಿಂದ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೇನೆ.

ಅವರ ಅಪ್ಪ ಇವರ್ಟ್ ಗ್ವಿನೀರ್ 1929ರಲ್ಲಿ ಹಾರ್ವರ್ಡ್ ಸೇರಿದ್ದರು. ಕಪ್ಪು ಹುಡುಗ ಅಂತ ಹಾಸ್ಟೆಲ್‌ನಲ್ಲಿ ಜಾಗ ಕೊಡಲಿಲ್ಲ. ದುಡ್ಡಿಗೂ ಕಷ್ಟವಾಗಿ ಎರಡು ವರ್ಷಕ್ಕೆ ಬಿಟ್ಟರು. ಮಗಳು 1998ರಲ್ಲಿ ಅದೇ ಹಾರ್ವರ್ಡ್‌ನ ಲಾ ಸ್ಕೂಲಿಗೆ ಕಾಯಂ ಪ್ರೊಫೆಸರ್ ಆಗಿ ಹೋದರು. ಬಿಳಿಯರಲ್ಲದ ಹೆಂಗಸೊಬ್ಬರಿಗೆ ಅಲ್ಲಿ ಆ ಜಾಗ ಸಿಕ್ಕಿದ್ದು ಅದೇ ಮೊದಲು.

ಅವರು ವಕೀಲೆ ಆಗಬೇಕು ಅಂದುಕೊಂಡದ್ದು 12ನೇ ವಯಸ್ಸಿಗೆ. 1962ರಲ್ಲಿ ಮಿಸಿಸಿಪಿ ವಿಶ್ವವಿದ್ಯಾಲಯಕ್ಕೆ ಜೇಮ್ಸ್ ಮೆರೆಡಿತ್ ಎಂಬ ಕಪ್ಪು ವಿದ್ಯಾರ್ಥಿ ಕಾಲಿಟ್ಟಾಗ ಸುತ್ತ ಜನ ಕೂಗಾಡುತ್ತಿದ್ದರು. ಪಕ್ಕದಲ್ಲಿ ಅವರ ವಕೀಲೆ ಕಾನ್‌ಸ್ಟನ್ಸ್ ಬೇಕರ್ ಮಾಟ್ಲಿ ತಲೆ ಎತ್ತಿ ನಡೆಯುತ್ತಿದ್ದರು. ಅದನ್ನು ಟೀವಿಯಲ್ಲಿ ನೋಡಿದ ಹುಡುಗಿ ಇವರು.

1965ರಲ್ಲಿ ಅಮೆರಿಕದಲ್ಲಿ ಮತದಾನ ಹಕ್ಕು ಕಾಯ್ದೆ ಬಂತು. ಕಪ್ಪು ಜನ ಬೂತಿನೊಳಗೆ ಹೋಗುವಂತಾಯಿತು. ಆದರೆ ದಕ್ಷಿಣದ ಎಷ್ಟೋ ಊರುಗಳಲ್ಲಿ ಇನ್ನೊಂದು ಉಪಾಯ ಇತ್ತು. ವಾರ್ಡು ಮಾಡುವುದೇ ಇಲ್ಲ. ಇಡೀ ಊರಿಗೆ, ಇಡೀ ಕೌಂಟಿಗೆ (ನಮ್ಮ ಜಿಲ್ಲೆಯ ಥರ) ಒಂದೇ ಚುನಾವಣೆ. ಐದು ಸೀಟಿದ್ದರೆ ಐದನ್ನೂ ಎಲ್ಲರೂ ಸೇರಿ ಆರಿಸಬೇಕು. ಬಿಳಿಯರು ನೂರಕ್ಕೆ ಅರವತ್ತು ಇದ್ದರೆ ಐದಕ್ಕೆ ಐದೂ ಅವರದೇ. ಉಳಿದ ನಲವತ್ತು ಜನ ಪ್ರತಿ ಸಲ ಬರಬಹುದು, ಓಟು ಹಾಕಬಹುದು, ಸೋಲಬಹುದು. ಓಟು ಕೊಟ್ಟರು, ಎಣಿಕೆಯಲ್ಲಿ ಕಿತ್ತುಕೊಂಡರು.

1980ರ ದಶಕದಲ್ಲಿ ಗ್ವಿನೀರ್ ಇಂಥ ಕೇಸುಗಳನ್ನೇ ನಡೆಸುತ್ತಿದ್ದರು. ವಾರ್ಡು ಮಾಡಿಸಿ ಗೆದ್ದರು ಕೂಡ. ಆಮೇಲೆ ಅವರಿಗೇ ಒಂದು ಅನುಮಾನ ಬಂತು. ಕಪ್ಪು ಜನರದ್ದೇ ಒಂದು ವಾರ್ಡು ಮಾಡಿದರೆ ಒಬ್ಬ ಕಪ್ಪು ಸದಸ್ಯ ಬರುತ್ತಾನೆ, ಸರಿ. ಆದರೆ ಉಳಿದ ವಾರ್ಡಿನವರು ಆ ಜನರ ಕಡೆ ತಿರುಗಿ ನೋಡುವ ಅಗತ್ಯವೇ ಇಲ್ಲ. ಒಳಗೆ ಹೋದವನು ನಾಲ್ಕಕ್ಕೆ ಒಂದರಂತೆ ಮತ್ತೆ ಸೋಲುತ್ತಲೇ ಇರುತ್ತಾನೆ.

ಅದಕ್ಕೆ ಅವರು ತೋರಿಸಿದ ದಾರಿಗಳಲ್ಲಿ ಒಂದು ಕ್ಯುಮುಲೇಟಿವ್ ವೋಟಿಂಗ್. ನಮ್ಮ ಮಾತಲ್ಲಿ ಹೇಳಬೇಕಂದರೆ ಓಟು ಕೂಡಿಸಿ ಹಾಕುವುದು. ಎಷ್ಟು ಸೀಟೋ ಅಷ್ಟು ಓಟು. ಬೇಕಾದರೆ ಹಂಚಿ, ಬೇಕಾದರೆ ಎಲ್ಲವನ್ನೂ ಒಬ್ಬರಿಗೇ ಹಾಕಿ. ಅಲಬಾಮಾದ ಚಿಲ್ಟನ್ ಕೌಂಟಿಯಲ್ಲಿ 1988ರಲ್ಲಿ ಇದು ಜಾರಿಗೆ ಬಂತು. ಏಳು ಸೀಟು, ಏಳು ಓಟು. ಕಪ್ಪು ಜನ ಸುಮಾರು ಎಂಟರಲ್ಲಿ ಒಬ್ಬರು. ಆ ಸಲ ಬಾಬಿ ಅಗೀ ಗೆದ್ದು ಅಲ್ಲಿನ ಮೊದಲ ಕಪ್ಪು ಕಮಿಷನರ್, ಅಂದರೆ ಕೌಂಟಿ ಮಂಡಳಿಯ ಸದಸ್ಯ, ಆದರು.

ಗ್ವಿನೀರ್ ತಮ್ಮ ಮಗನ ಒಂದು ಮಾತು ಬರೆದಿದ್ದಾರೆ. ಹುಡುಗನಿಗೆ ಆಗ ನಾಲ್ಕು ವರ್ಷ. ಮಕ್ಕಳ ಪತ್ರಿಕೆಯಲ್ಲಿ ಒಂದು ಪ್ರಶ್ನೆ: ಆರು ಮಕ್ಕಳಿದ್ದಾರೆ, ನಾಲ್ವರು ಮುಟ್ಟಾಟ ಅಂತ ಕೈ ಎತ್ತಿದರು, ಇಬ್ಬರು ಕಣ್ಣಾಮುಚ್ಚಾಲೆ ಅಂದರು. ಯಾವ ಆಟ ಆಡುತ್ತಾರೆ? ಹುಡುಗ ಹೇಳಿದನಂತೆ, ಎರಡೂ ಆಡುತ್ತಾರೆ, ಮೊದಲು ಮುಟ್ಟಾಟ, ಆಮೇಲೆ ಕಣ್ಣಾಮುಚ್ಚಾಲೆ.

ಪತ್ರಿಕೆಗೆ ಬೇಕಿದ್ದ ಉತ್ತರ ಅದಲ್ಲ. ಆದರೆ ನಮ್ಮ ಶಾಲೆ ಮೈದಾನದಲ್ಲಿ ದಿನಾ ನಡೆಯುವುದು ಅದೇ ಅಲ್ವಾ? ಇಬ್ಬರನ್ನು ಯಾವಾಗಲೂ ಸೋಲಿಸಿದರೆ ಅವರು ಆಟಕ್ಕೇ ಬರುವುದಿಲ್ಲ.

ನನ್ನ ಪ್ರಶ್ನೆ ಇಷ್ಟು. ನಮ್ಮ ಪಂಚಾಯಿತಿ ವಾರ್ಡುಗಳಲ್ಲಿ ಈಗಾಗಲೇ ಎರಡು, ಮೂರು, ನಾಲ್ಕು ಸೀಟು ಇರುತ್ತವೆ. ಓಟು ಕೂಡಿಸಿ ಹಾಕಲು ಬಿಟ್ಟರೆ ಏನಾಗುತ್ತದೆ?

ಕರಿಕೋಟು:

ಮೇಷ್ಟ್ರೇ, ಒಳ್ಳೆ ವಿಷಯ ತೆಗೆದಿದ್ದೀರಿ. ಕಾನೂನಿನ ಕಡೆಯಿಂದ ಎರಡು ಮಾತು ಸೇರಿಸುತ್ತೇನೆ.

1980ರಲ್ಲಿ ಮೊಬೈಲ್ ಎಂಬ ಊರಿನ ಕೇಸಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕೈ ಕಟ್ಟಿಹಾಕಿತು. ಚುನಾವಣಾ ಪದ್ಧತಿಯಿಂದ ಕಪ್ಪು ಜನರಿಗೆ ಅನ್ಯಾಯ ಆಗುತ್ತಿದೆ ಅಂದರೆ ಸಾಲದು, ಅದನ್ನು ಬೇಕೆಂದೇ ಮಾಡಿದ್ದಾರೆ ಅಂತ ಸಾಬೀತು ಮಾಡಿ ಅಂದಿತು. ಐವತ್ತು ಅರವತ್ತು ವರ್ಷದ ಹಿಂದೆ ಸತ್ತವರ ಮನಸ್ಸಲ್ಲಿ ಏನಿತ್ತು ಅಂತ ಯಾರು ಸಾಬೀತು ಮಾಡುತ್ತಾರೆ? 1982ರಲ್ಲಿ ಅಲ್ಲಿನ ಸಂಸತ್ತು ಆ ಮತದಾನ ಹಕ್ಕು ಕಾಯ್ದೆಯನ್ನು ತಿದ್ದಿತು. ಉದ್ದೇಶ ಬೇಡ, ಪರಿಣಾಮ ನೋಡಿ ಸಾಕು ಅಂತ. ಆ ತಿದ್ದುಪಡಿಗಾಗಿ ಓಡಾಡಿದ ವಕೀಲರಲ್ಲಿ ಗ್ವಿನೀರ್ ಕೂಡ ಒಬ್ಬರು.

ಇನ್ನೊಂದು, 1993ರ ಕಥೆ. ಅದನ್ನು ನೆನೆದರೆ ಈಗಲೂ ಬೇಸರವಾಗುತ್ತದೆ. ಅಧ್ಯಕ್ಷ ಕ್ಲಿಂಟನ್, ಗ್ವಿನೀರ್ ಅವರನ್ನು ನ್ಯಾಯ ಇಲಾಖೆಯ ನಾಗರಿಕ ಹಕ್ಕುಗಳ ವಿಭಾಗಕ್ಕೆ ಮುಖ್ಯಸ್ಥೆ ಮಾಡುತ್ತೇನೆ ಅಂತ ಏಪ್ರಿಲ್ 29ಕ್ಕೆ ಹೆಸರು ಪ್ರಕಟಿಸಿದರು. ಲಾ ಕಾಲೇಜಿನಿಂದ ಪರಿಚಯ, ಮದುವೆಗೂ ಬಂದಿದ್ದವರು. ಮರುದಿನವೇ ಒಂದು ದೊಡ್ಡ ಪತ್ರಿಕೆಯಲ್ಲಿ 'ಕೋಟಾ ರಾಣಿ' ಅನ್ನುವ ಹಣೆಪಟ್ಟಿ ಬಂತು. ಕೋಟಾ ಬೇಡ, ಬೇರೆ ದಾರಿ ಹುಡುಕೋಣ ಅಂತ ಬರೆದವರ ಮೇಲೆ ಕೋಟಾದ ಆರೋಪ! ಸೆನೆಟ್ ಮುಂದೆ ವಿಚಾರಣೆ ಆಗಲಿ, ನನ್ನ ಮಾತು ಹೇಳುತ್ತೇನೆ ಅಂತ ಅವರು ಕೇಳಿಕೊಂಡರು. ಆ ಅವಕಾಶ ಸಿಗಲಿಲ್ಲ. ಜೂನ್ 3ಕ್ಕೆ ಕ್ಲಿಂಟನ್ ಹೆಸರು ವಾಪಸ್ ತೆಗೆದುಕೊಂಡರು.

ಅದೇ ಜೂನ್ 28ಕ್ಕೆ ಶಾ ವಿರುದ್ಧ ರೀನೋ ತೀರ್ಪು ಬಂತು. ನಾರ್ತ್ ಕೆರೋಲಿನಾದಲ್ಲಿ ಕಪ್ಪು ಜನರನ್ನು ಒಂದು ಕ್ಷೇತ್ರಕ್ಕೆ ಸೇರಿಸಲು ಹೆದ್ದಾರಿಯ ಗುಂಟ ಸುಮಾರು 160 ಮೈಲಿ ಉದ್ದಕ್ಕೆ ದಾರದ ಹಾಗೆ ಗಡಿ ಎಳೆದಿದ್ದರು. ಹೀಗೆ ಬಣ್ಣ ನೋಡಿ ಗೆರೆ ಎಳೆಯುವುದನ್ನು ಕೋರ್ಟ್ ಪ್ರಶ್ನೆ ಮಾಡಿತು. ಗೆರೆಯೇ ಬೇಡ, ಓಟು ಹಾಕುವ ರೀತಿ ಬದಲಿಸಿ ಅಂತ ಹೇಳುತ್ತಿದ್ದ ಪ್ರೊಫೆಸರನ್ನು ಮನೆಗೆ ಕಳಿಸಿ ಒಂದು ತಿಂಗಳೂ ಆಗಿರಲಿಲ್ಲ.

ಗೋಳಗುಮ್ಮಟ:

ನನಗೆ ಇದು ಒಪ್ಪಿಗೆ ಇಲ್ಲ, ನೇರವಾಗಿ ಹೇಳುತ್ತೇನೆ. ಹೆಚ್ಚು ಓಟು ಬಂದವರು ಗೆಲ್ಲಬೇಕು. ಅದೇ ಪ್ರಜಾಪ್ರಭುತ್ವ. ಕಡಿಮೆ ಜನ ಇರುವವರಿಗೂ ಗೆಲುವು ಬೇಕು ಅಂದರೆ ಹೇಗೆ? ನಮ್ಮಲ್ಲಿ ಇದನ್ನು ತಂದರೆ ಪ್ರತಿ ಜಾತಿಯವರೂ ಮೂರು ಓಟನ್ನೂ ತಮ್ಮವನಿಗೇ ಒತ್ತುತ್ತಾರೆ. ಈಗಲೇ ಊರಿಗೆ ಹತ್ತು ಗುಂಪಿವೆ. ಇನ್ನೂ ಒಡೆಯಬೇಕಾ?

ಸೀಮೆಸುಣ್ಣ:

ಸರ್, ಬೋರ್ಡಿನ ಮೇಲೆ ಲೆಕ್ಕ ಹಾಕಿದ ಹಾಗೆ ಹಾಕುತ್ತೇನೆ. ತಪ್ಪಿದ್ದರೆ ತಿದ್ದಿ.

ಒಂದು ವಾರ್ಡು, ಮೂರು ಸೀಟು, 800 ಜನ ಓಟು ಹಾಕಿದರು. ಮೇಲಿನ ಬೀದಿಯ ಕಡೆ 500, ಕೆಳಗಿನ ಬೀದಿಯ ಕಡೆ 300. ಈಗಿನ ನಿಯಮದಲ್ಲಿ ಮೇಲಿನವರ ಮೂರೂ ಅಭ್ಯರ್ಥಿಗಳಿಗೆ ತಲಾ 500, ಕೆಳಗಿನವರ ಅಭ್ಯರ್ಥಿಗೆ 300. ಮೂರಕ್ಕೆ ಮೂರೂ ಮೇಲಿನ ಬೀದಿಗೆ. 300 ಜನರಿಗೆ ಸೊನ್ನೆ.

ಕೂಡಿಸಿ ಹಾಕಲು ಬಿಟ್ಟರೆ? ಕೆಳಗಿನವರು ಮೂರು ಓಟನ್ನೂ ಒಬ್ಬರಿಗೇ ಹಾಕಿದರೆ 900. ಮೇಲಿನವರ ಹತ್ತಿರ ಒಟ್ಟು 1,500 ಓಟು. ಮೂರು ಜನರನ್ನೂ 900ರ ಮೇಲೆ ತರಬೇಕಾದರೆ 2,700ಕ್ಕೂ ಜಾಸ್ತಿ ಬೇಕು. ಆಗುವುದಿಲ್ಲ. ಅವರಿಗೆ ಎರಡು, ಇವರಿಗೆ ಒಂದು.

ನೋಡಿ, ಹೆಚ್ಚು ಇದ್ದವರೇ ಹೆಚ್ಚು ಗೆದ್ದರು. ಅದನ್ನು ಯಾರೂ ಕಿತ್ತುಕೊಳ್ಳಲಿಲ್ಲ. ಅವರಿಗೆ ಸಿಗದೇ ಹೋದದ್ದು ಆ ಮೂರನೆಯದು ಮಾತ್ರ. ಗ್ವಿನೀರ್ ಹೇಳಿದ್ದೂ ಅಷ್ಟೇ. 51 ಇದ್ದವರಿಗೆ 51ರ ಪಾಲು ಸಿಗಲಿ, ನೂರಕ್ಕೆ ನೂರು ಯಾಕೆ?

ಜಾತಿಯ ಮಾತಿಗೆ ಬಂದರೆ, ಯಾರ ಜೊತೆ ಸೇರಬೇಕು ಅಂತ ಇಲ್ಲಿ ಸರ್ಕಾರ ಹೇಳುವುದಿಲ್ಲ. ಬೂತಿನೊಳಗೆ ಮತದಾರರೇ ತೀರ್ಮಾನ ಮಾಡುತ್ತಾರೆ. ಎಲ್ಲಾ ಬೀದಿಯ ಹೆಂಗಸರು ಸೇರಿ ಸಾರಾಯಿ ಅಂಗಡಿ ಬೇಡ ಅನ್ನುವವರಿಗೆ ಮೂರೂ ಒತ್ತಬಹುದು. ಕೆರೆ ನೀರಿಗಾಗಿ ಕೆರೆ ಕೆಳಗಿನ ಗದ್ದೆಯವರು ಒಂದಾಗಬಹುದು. ಇವತ್ತಿನ ಗುಂಪೇ ನಾಳೆಯೂ ಇರಬೇಕು ಅಂತಿಲ್ಲ.

ಹೊಳೆದಂಡೆ:

ನಾನು ಒಂದು ಅವಧಿಗೆ ಪಂಚಾಯಿತಿ ಮೆಂಬರ್ ಆಗಿದ್ದವಳು. ಮೀಸಲು ಸೀಟಿನಿಂದ ಗೆದ್ದೆ. ಇದನ್ನು ಎಲ್ಲೂ ಹೇಳಿಕೊಂಡಿಲ್ಲ, ಇಲ್ಲಿ ಹೇಳುತ್ತೇನೆ.

ನಮ್ಮ ಕೇರಿಯಿಂದ ಇಬ್ಬರು ನಿಂತಿದ್ದೆವು. ಇನ್ನೊಬ್ಬರು ನಮ್ಮ ಕೇರಿಯ ಅಕ್ಕ. ನೀರಿಗೆ, ಸ್ಮಶಾನದ ಜಾಗಕ್ಕೆ ಅಂತ ತಾಲ್ಲೂಕು ಆಫೀಸಿಗೆ ಹತ್ತು ವರ್ಷ ಅಲೆದವರು. ಕೇರಿಯ ಓಟೆಲ್ಲ ಹೆಚ್ಚುಕಡಿಮೆ ಅವರಿಗೇ. ನನ್ನನ್ನು ನಿಲ್ಲಿಸಿದ್ದು ಊರೊಳಗಿನ ದೊಡ್ಡ ಮನೆಯವರು. ನಮ್ಮ ಯಜಮಾನರು ಅವರ ತೋಟದಲ್ಲಿ ಕೆಲಸಕ್ಕಿದ್ದರು. ಮೂರು ಓಟಿನಲ್ಲಿ ಒಂದನ್ನು ನನಗೆ ಒತ್ತಿ ಅಂತ ಊರೊಳಗೆ ಹೇಳಿಬಿಟ್ಟರು. ನಾನು ಗೆದ್ದೆ. ಅಕ್ಕ ಸೋತರು.

ಮೊದಲ ಸಭೆಯಲ್ಲೇ ಕೇರಿಗೆ ಪೈಪ್‌ಲೈನ್ ಹಾಕುವ ಮಾತು ಬಂತು. ಮುಂದಿನ ವರ್ಷ ನೋಡೋಣ ಅಂದರು. ನನ್ನ ಕಡೆ ನೋಡಿದರು. ನಾನು ಟೇಬಲ್ ಮೇಲಿದ್ದ ಟೀ ಲೋಟ ನೋಡುತ್ತಾ ಕೂತೆ. ನಡಾವಳಿ ಪುಸ್ತಕದಲ್ಲಿ ಸಹಿ ಹಾಕಿ ಎದ್ದು ಬಂದೆ. ಸೀಟು ನಮ್ಮವರದ್ದೇ, ನಾನೂ ನಮ್ಮವಳೇ. ಆದರೆ ನಮ್ಮ ಕೇರಿ ಆರಿಸಿದ್ದು ನನ್ನನ್ನಲ್ಲ.

ಮೇಷ್ಟ್ರು ಹೇಳಿದ ಹಾಗೆ ಮೂರು ಓಟೂ ಒಬ್ಬರಿಗೇ ಹಾಕಬಹುದಿತ್ತು ಅಂದಿದ್ದರೆ ಆ ಅಕ್ಕ ಗೆಲ್ಲುತ್ತಿದ್ದರು. ನಾನು ಲೆಕ್ಕ ಹಾಕಿ ನೋಡಿದೆ. ಖಂಡಿತ ಗೆಲ್ಲುತ್ತಿದ್ದರು.

ಕರಿಕೋಟು:

ಅಕ್ಕಾ, ನೀವು ಬರೆದದ್ದನ್ನು ಎರಡು ಸಲ ಓದಿದೆ. ಬಾಬಾಸಾಹೇಬ್ ಅಂಬೇಡ್ಕರ್ ಪೂನಾ ಒಪ್ಪಂದದ (ದಲಿತರಿಗೆ ಮೀಸಲು ಸೀಟು, ಆದರೆ ಆರಿಸುವವರು ಎಲ್ಲರೂ ಅನ್ನುವ 1932ರ ಒಪ್ಪಂದ) ಆಮೇಲೆ ಜೀವನವಿಡೀ ಹೇಳಿದ್ದು ಇದನ್ನೇ. ಮೀಸಲು ಸೀಟು ಇದ್ದೂ ಆರಿಸುವವರು ಬೇರೆಯವರಾದರೆ ಆ ಸೀಟಿನಿಂದ ಏನು ಬಂತು ಅಂತ.

ಇದು ಅಮೆರಿಕದಿಂದ ತರುವ ಹೊಸ ಸಾಮಾನು ಅಂತ ಯಾರೂ ಅಂದುಕೊಳ್ಳಬೇಡಿ. 1955ರಲ್ಲಿ ಭಾಷಾವಾರು ರಾಜ್ಯಗಳ ಬಗ್ಗೆ ಬರೆದಾಗ ಅಂಬೇಡ್ಕರ್ ಇದನ್ನು ಸ್ಪಷ್ಟವಾಗಿ ಕೇಳಿದ್ದಾರೆ. ಒಂದು ಸೀಟಿನ ಕ್ಷೇತ್ರ ಬೇಡ, ಎರಡು ಮೂರು ಸೀಟಿನ ಕ್ಷೇತ್ರ ಮಾಡಿ, ಓಟು ಕೂಡಿಸಿ ಹಾಕಲು ಬಿಡಿ ಅಂತ. ಗ್ವಿನೀರ್ ಆಗ ಐದು ವರ್ಷದ ಮಗು.

ಅವರಿಗೆ ಅದು ಸ್ವಂತ ಅನುಭವ ಕೂಡ. 1952ರಲ್ಲಿ ಅವರು ನಿಂತ ಬಾಂಬೆ ಉತ್ತರ ಎರಡು ಸೀಟಿನ ಕ್ಷೇತ್ರ, ಒಂದು ಸಾಮಾನ್ಯ, ಒಂದು ಮೀಸಲು. ಮತದಾರರಿಗೆ ಎರಡು ಓಟು, ಆದರೆ ಎರಡನ್ನೂ ಒಬ್ಬರಿಗೆ ಹಾಕುವಂತಿರಲಿಲ್ಲ. ಮೀಸಲು ಸೀಟಿನಲ್ಲಿ ನಾರಾಯಣ ಕಾಜ್ರೋಳ್ಕರ್ ಎದುರು ಸುಮಾರು 14,500 ಓಟಿನಿಂದ ಸೋತರು. ಆ ಕ್ಷೇತ್ರದಲ್ಲಿ ತಿರಸ್ಕಾರವಾದ ಓಟು 74 ಸಾವಿರಕ್ಕೂ ಜಾಸ್ತಿ. ಅಂಬೇಡ್ಕರ್ ಮತ್ತು ಸಾಮಾನ್ಯ ಸೀಟಿನಲ್ಲಿ ಸೋತ ಅಶೋಕ್ ಮೆಹ್ತಾ ಚುನಾವಣಾ ತಕರಾರು ಅರ್ಜಿ ಹಾಕಿದ್ದೂ ಉಂಟು.

ನಮ್ಮ ಮೈಸೂರು ಕೂಡ ಆಗ ಎರಡು ಸೀಟಿನ ಲೋಕಸಭಾ ಕ್ಷೇತ್ರ. 1952ರಲ್ಲಿ ಎಂ.ಎಸ್. ಗುರುಪಾದಸ್ವಾಮಿ ಮತ್ತು ಎನ್. ರಾಚಯ್ಯ ಇಬ್ಬರೂ ಒಂದೇ ಕ್ಷೇತ್ರದಿಂದ ಹೋದರು, ಬೇರೆ ಬೇರೆ ಪಕ್ಷದವರು. ಕೋಲಾರವೂ ಹಾಗೇ. ಮನೆಯಲ್ಲಿ ತೊಂಬತ್ತು ದಾಟಿದವರಿದ್ದರೆ ಕೇಳಿ, ಎರಡು ಓಟು ಹಾಕಿದ ನೆನಪು ಇರಬಹುದು.

ಅದು ನಿಂತದ್ದು ಯಾಕೆ ಗೊತ್ತಾ? 1957ರಲ್ಲಿ ಆಂಧ್ರದ ಪಾರ್ವತೀಪುರಂನಲ್ಲಿ ಬುಡಕಟ್ಟಿನ ಸೂರಿ ದೊರ ಅವರಿಗೆ ಓಟು ಜಾಸ್ತಿ ಬಂದು ಸಾಮಾನ್ಯ ಸೀಟು ಅವರಿಗೆ ಹೋಯಿತು. ಸೋತವರು ವಿ.ವಿ. ಗಿರಿ, ಮುಂದೆ ರಾಷ್ಟ್ರಪತಿ ಆದವರು. ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು, 1959ರಲ್ಲಿ ಕೋರ್ಟು ದೊರ ಅವರ ಪರ ಹೇಳಿತು. 1961ರಲ್ಲಿ ಎರಡು ಸೀಟಿನ ಕ್ಷೇತ್ರಗಳನ್ನೇ ರದ್ದು ಮಾಡಿದರು. ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ನನಗಂತೂ ಮನಸ್ಸು ಭಾರವಾಗುತ್ತದೆ.

ಹಡ್ಸನ್‌ತೀರ:

ನಾನು ನ್ಯೂಯಾರ್ಕ್ ರಾಜ್ಯದಲ್ಲಿದ್ದೇನೆ, ಮೂಲ ಹಾಸನದ ಕಡೆ. ನಮ್ಮ ಪಕ್ಕದಲ್ಲೇ ಪೋರ್ಟ್ ಚೆಸ್ಟರ್ ಅಂತ ಒಂದು ಊರಿದೆ. ಅರ್ಧದಷ್ಟು ಜನ ಲ್ಯಾಟಿನೋಗಳು, ಅಂದರೆ ಲ್ಯಾಟಿನ್ ಅಮೆರಿಕ ಮೂಲದವರು. ಹೋಟೆಲು, ಗಾರೆ ಕೆಲಸ, ತೋಟದ ಕೆಲಸ ಮಾಡುವವರು. ಆದರೂ ಊರಿನ ಆರು ಸೀಟಿನ ಮಂಡಳಿಗೆ ಅವರಲ್ಲಿ ಒಬ್ಬರೂ ಗೆದ್ದಿರಲಿಲ್ಲ. ಕೇಂದ್ರ ಸರ್ಕಾರ 2006ರಲ್ಲಿ ಕೇಸು ಹಾಕಿತು. ಕೊನೆಗೆ ಊರು ಆರಿಸಿಕೊಂಡದ್ದು ಮೇಷ್ಟ್ರು ಹೇಳಿದ ಇದೇ ಪದ್ಧತಿ. ಆರು ಸೀಟು, ಆರು ಓಟು, ಹೇಗೆ ಬೇಕಾದರೂ ಹಾಕಿ. 2010ರ ಜೂನ್‌ನಲ್ಲಿ ಲೂಯಿಸ್ ಮರೀನೋ ಗೆದ್ದರು, ಲ್ಯಾಟಿನೋಗಳಲ್ಲಿ ಮೊದಲಿಗರು. ಊರು ಒಡೆದು ಹೋಗಲಿಲ್ಲ. ಈಗಲೂ ಆ ಕಡೆ ಹೋದಾಗ ಅದೇ ಬೀದಿ, ಅದೇ ಅಂಗಡಿ.

ಇಲಿನಾಯ್ ರಾಜ್ಯದ ವಿಧಾನಸಭೆಗೆ 1870ರಿಂದ 1980ರವರೆಗೆ ಹೀಗೆಯೇ ಚುನಾವಣೆ ನಡೆಯುತ್ತಿತ್ತು. ನೂರು ವರ್ಷಕ್ಕೂ ಜಾಸ್ತಿ.

ಗೋಳಗುಮ್ಮಟ:

ಹೊಳೆದಂಡೆ ಅಕ್ಕ ಬರೆದದ್ದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಜಾತಿ ಒಡೆಯುತ್ತದೆ ಅಂದಿದ್ದೆ, ಆ ಮಾತನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಅದು ಈಗಾಗಲೇ ಒಡೆದೇ ಇದೆ, ಬರೀ ಕಾಣಿಸುತ್ತಿರಲಿಲ್ಲ.

ಆದರೆ ಇನ್ನೊಂದು ತೊಂದರೆ ಹೇಳುತ್ತೇನೆ, ಸಿಟ್ಟಾಗಬೇಡಿ. ಮೇಷ್ಟ್ರ ಲೆಕ್ಕದಲ್ಲಿ ಕೆಳಗಿನ ಬೀದಿಯವರು ಒಬ್ಬರನ್ನು ನಿಲ್ಲಿಸಿದರು. ಇಬ್ಬರು ನಿಂತರೆ? 900 ಓಟು ಎರಡು ಪಾಲಾಗಿ 450, 450. ಮೇಲಿನವರು ಮೂವರಿಗೂ ಸಮ ಹಂಚಿ ತಲಾ 500 ತರುತ್ತಾರೆ. ಮತ್ತೆ ಮೂರೂ ಅವರಿಗೇ. ಎರಡನೆಯವರನ್ನು ನಿಲ್ಲಿಸುವುದು ನಮ್ಮ ಕಡೆ ಎಷ್ಟು ಹೊತ್ತಿನ ಕೆಲಸ? ಹತ್ತು ಸಾವಿರ ರೂಪಾಯಿ ಮತ್ತು ಒಂದು ಸಂಜೆ ಸಾಕು.

ಸೀಮೆಸುಣ್ಣ:

ಗೋಳಗುಮ್ಮಟ ಸರ್, ಇದು ನಿಜವಾದ ತೊಂದರೆ. ಇದಕ್ಕೆ ಸುಲಭದ ಉತ್ತರ ಇಲ್ಲ. ಈ ಪದ್ಧತಿಯಲ್ಲಿ ಕಡಿಮೆ ಇರುವವರು ಮೊದಲೇ ಕೂತು ಮಾತಾಡಿಕೊಳ್ಳಬೇಕು, ಒಬ್ಬರ ಹೆಸರಿಗೆ ಒಪ್ಪಬೇಕು. ಗ್ವಿನೀರ್‌ಗೂ ಅದು ಗೊತ್ತಿತ್ತು. ಜನ ಸಂಘಟನೆಯಾಗುವುದನ್ನೇ ಅವರು ಅದರ ಒಳ್ಳೆಯ ಗುಣ ಅಂತ ನೋಡಿದರು. ನಾನು ಅಷ್ಟು ಧೈರ್ಯವಾಗಿ ಹೇಳಲಾರೆ. ತೋಟದ ಕೂಲಿಗೆ ಹೋಗುವವರಿಗೆ ಸಂಘಟನೆಗೆ ಸಮಯ ಎಲ್ಲಿದೆ?

ಆದರೆ ಈಗ ಅವರು ಕೂತು ಮಾತಾಡಿ ಒಪ್ಪಿಕೊಂಡರೂ ಸೋಲುತ್ತಾರೆ. ಆಗ ಒಪ್ಪಿಕೊಂಡರೆ ಗೆಲ್ಲುತ್ತಾರೆ. ಈ ವ್ಯತ್ಯಾಸ ಸಣ್ಣದಲ್ಲ.

ಓಟು ಹಂಚಿಹೋಗದ ಇನ್ನೊಂದು ಪದ್ಧತಿಯೂ ಇದೆ, ಅದು ನಮಗೆ ಗೊತ್ತಿರುವುದೇ. ವಿಧಾನ ಪರಿಷತ್ತಿಗೆ ಶಿಕ್ಷಕರ ಕ್ಷೇತ್ರದಲ್ಲಿ ನಾನು ಓಟು ಹಾಕುತ್ತೇನೆ. ನೇರಳೆ ಬಣ್ಣದ ಸ್ಕೆಚ್ ಪೆನ್ ಕೊಡುತ್ತಾರೆ. ಹೆಸರಿನ ಮುಂದೆ 1, 2, 3 ಅಂತ ಬರೆಯಬೇಕು. ಮೊದಲನೆಯವರು ಗೆಲ್ಲದಿದ್ದರೆ ನನ್ನ ಓಟು ಎರಡನೆಯವರಿಗೆ ಹೋಗುತ್ತದೆ. ಇದನ್ನೇ ಮೂರು ಸೀಟಿನ ವಾರ್ಡಿಗೆ ತಂದರೆ ಇಬ್ಬರು ನಿಂತರೂ ಓಟು ಹಾಳಾಗುವುದಿಲ್ಲ. ರಾಜ್ಯಸಭೆಗೆ ಶಾಸಕರು ಓಟು ಹಾಕುವುದೂ ಹೀಗೆಯೇ. ಶಾಸಕರಿಗೆ, ಡಿಗ್ರಿ ಆದವರಿಗೆ, ಮೇಷ್ಟ್ರುಗಳಿಗೆ ಈ ಸೌಕರ್ಯ ಇದೆ. ಸೆರಗು ಬಾಯಿಗೆ ಕಟ್ಟಿಕೊಂಡು ಬಂದ ಅಜ್ಜಿಗೆ ಇಲ್ಲ. ಅಂಕಿ ಬರೆಯಲು ಬಾರದವರ ಕಷ್ಟ ಅಂತ ಹೇಳಬಹುದು. ಆದರೆ ಸೀಲನ್ನು ಒಂದೇ ಗುರುತಿನ ಮೇಲೆ ಮೂರು ಸಲ ಒತ್ತಲು ಅಂಕಿ ಬೇಕಾಗಿಲ್ಲ. ಅಜ್ಜಿ ತಾವಾಗೇ ಕೇಳಿದ್ದು ಅದನ್ನೇ.

ಕರಿಕೋಟು:

ಇದು ಆಗುವ ಮಾತಾ ಅಂತ ಮೆಸೇಜಿನಲ್ಲಿ ಇಬ್ಬರು ಕೇಳಿದರು. ಸಂವಿಧಾನ ತಿದ್ದಬೇಕಾಗಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಪಂಚಾಯಿತಿ ಚುನಾವಣೆಯ ವಿಷಯಗಳಿಗೆ ರಾಜ್ಯದ ವಿಧಾನಮಂಡಲ ಕಾನೂನು ಮಾಡಬಹುದು ಅಂತ 243ಕೆ ವಿಧಿಯ ನಾಲ್ಕನೇ ಖಂಡ ಹೇಳುತ್ತದೆ. ಒಂದು ವಾರ್ಡಿಗೆ ಹಲವು ಸೀಟು ನಮ್ಮಲ್ಲಿ ಮೊದಲೇ ಇದೆ. ಬದಲಾಗಬೇಕಾದ್ದು 'ಒಬ್ಬರಿಗೆ ಒಂದೇ ಓಟು' ಅನ್ನುವ ಆ ಒಂದು ಸಾಲು. ಕಂಪನಿಗಳಿಗೆ ಈ ಅವಕಾಶ ಆಗಲೇ ಇದೆ. 2013ರ ಕಂಪನಿ ಕಾಯ್ದೆಯ 163ನೇ ಸೆಕ್ಷನ್ ನೋಡಿ. ಕಂಪನಿಯ ನಿಯಮಾವಳಿಯಲ್ಲಿ ಬರೆದುಕೊಂಡರೆ ನಿರ್ದೇಶಕರನ್ನು ಆರಿಸುವಾಗ ಷೇರುದಾರರು ಓಟು ಕೂಡಿಸಿ ಹಾಕಬಹುದು. ಸಣ್ಣ ಷೇರುದಾರನ ದನಿ ಮುಖ್ಯ ಅಂತ ಒಪ್ಪಿಕೊಂಡ ಕಾನೂನು ಸಣ್ಣ ಕೇರಿಯ ದನಿಯನ್ನೂ ಒಪ್ಪಬೇಕು.

ಇಲಾಖೆಗೆ ಒಂದು ಮನವಿ ಬರೆಯೋಣ. ಕರಡು ನಾನು ಮಾಡುತ್ತೇನೆ. ಲೆಕ್ಕದ ಭಾಗ ಮೇಷ್ಟ್ರು ಬರೆಯಲಿ, ಅವರು ಬರೆದರೆ ಯಾರಿಗಾದರೂ ಅರ್ಥವಾಗುತ್ತದೆ.

ಹೊಳೆದಂಡೆ:

ಬರೆಯಿರಿ ಸರ್. ಕನ್ನಡದಲ್ಲೇ ಬರೆಯಿರಿ, ಎರಡು ಪುಟ ಮೀರಬಾರದು. ನಮ್ಮ ಗ್ರಾಮಸಭೆಯಲ್ಲಿ ಓದಿಸುತ್ತೇನೆ. ನಾನು ಓದುವುದಿಲ್ಲ, ಆ ಅಕ್ಕನ ಕೈಲೇ ಓದಿಸುತ್ತೇನೆ. ಅವರಿಗೆ ಈಗ ಕಣ್ಣು ಸ್ವಲ್ಪ ಮಂಜು, ಅಕ್ಷರ ದಪ್ಪ ಇರಲಿ.